ಕೆಂಪು ಕಸ

ಒಂದು ಊರನ್ನು ಕಣ್ಣು ಮುಚ್ಚಿಕೊಂಡು ಗುರುತಿಸಬೇಕೆಂದರೆ ಅದರ ಬೆಳಗಿನ ಕಸಬರಿಗೆಯ ಸದ್ದಿಗೆ ಕಿವಿಗೊಡಬೇಕು ಎಂಬುದು ನನ್ನ ಬಹುಕಾಲದ ಸಿದ್ಧಾಂತ. ನನ್ನ ತವರಾದ ಬೆಳಗಾವಿಯ ಮಣ್ಣಿನ ಅಂಗಳಗಳಲ್ಲಿ ಅದು ಯಾರೋ ಗುಟ್ಟು ಹೇಳುವಂತೆ ಸುಯ್ಯೆನ್ನುತ್ತಿತ್ತು. ನಾಗಪುರದ ಮಹಾಲ್ ಭಾಗದ ನಮ್ಮ ವಾಡೆಯ ಕಲ್ಲುಹಾಸಿನ ಮೇಲೆ ಅದೇ ಕಾಯಕ ಯಾರನ್ನೋ ಗದರಿಸುವಂತೆ ಕರಕರ ಎನ್ನುತ್ತದೆ. ಇಲ್ಲಿ ಅಂಗಳಕ್ಕೆಂದೇ ಮೀಸಲಾದ ಉದ್ದನೆಯ ಕಡ್ಡಿ ಕಸಬರಿಗೆಗೆ ಖರಾಟಾ ಎಂದು ಹೆಸರು. ಆ ಹೆಸರಿನಲ್ಲಿಯೇ ಅದರ ಸ್ವಭಾವವೂ ಸಂಗೀತವೂ ಏಕಕಾಲಕ್ಕೆ ಅಡಗಿವೆ. ನನ್ನ ಸಿದ್ಧಾಂತವನ್ನು ಕೇಳಿದಾಗಲೆಲ್ಲ ನನ್ನ ಯಜಮಾನರು, ರೈಲ್ವೆ ಕಚೇರಿಯಲ್ಲಿ ವೇಳಾಪತ್ರಿಕೆಯ ವಿಭಾಗದಲ್ಲಿದ್ದು ಕಿವಿಗಿಂತ ಗಡಿಯಾರವನ್ನು ಹೆಚ್ಚು ನಂಬುವವರು, ಊರು ಯಾವುದೆಂದು ತಿಳಿಯಲು ಸ್ಟೇಷನ್ನಿನ ಹಲಗೆ ಸಾಲದೇ ಎಂದು ಕೇಳುತ್ತಾರೆ. ಹಲಗೆ ಊರಿನ ಹೆಸರನ್ನಷ್ಟೇ ಹೇಳುತ್ತದೆ ಎಂದು ನಾನು ಮನಸ್ಸಿನಲ್ಲಿಯೇ ಉತ್ತರಿಸಿಕೊಂಡು ಅವರ ಚಹಾಕ್ಕೆ ಸಕ್ಕರೆ ಹಾಕುತ್ತೇನೆ. ಮನಸ್ಸಿನಲ್ಲಿಯೇ ಉತ್ತರಿಸಿಕೊಳ್ಳುವುದು ನನ್ನ ಬಾಳಿನ ಬಹುಪಾಲು ವಾಗ್ವಾದಗಳ ಸ್ವರೂಪ.

ಕಳೆದ ಮಾಘ ಶುದ್ಧ ಪಾಡ್ಯದ ಗುರುವಾರವೂ ಬೆಳಗು ಎಂದಿನಂತೆ ತನ್ನೆಲ್ಲ ಸರಂಜಾಮುಗಳೊಂದಿಗೆ ಬಂದಿತು. ಹಾಲಿನವನ ಸೈಕಲ್ಲಿನ ಕ್ಯಾನುಗಳು ಓಣಿಯ ತಿರುವಿನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ನನ್ನನ್ನು ಎಬ್ಬಿಸಿದವು. ನಲ್ಲಿಗೆ ನೀರು ಬರುವ ಮೊದಲು ಅದರ ಗಂಟಲಿನಿಂದ ಬರುವ ಆ ವೃದ್ಧ ಕೆಮ್ಮು ಬಂದಿತು. ಶೇಗಡಿಯ ಇದ್ದಿಲು ಮುನಿಸಿಕೊಂಡು, ಬೀಸಣಿಗೆಯಿಂದ ನಾಲ್ಕು ಉಪಚಾರ ಮಾಡಿಸಿಕೊಂಡು, ಕೆಂಪಾಯಿತು. ಸ್ನಾನದ ನೀರು ಕಾಯುವ ತಾಮ್ರದ ಬಂಬ ಹೊಗೆಯಾಡಿತು. ಯಜಮಾನರ ಡಬ್ಬಿಗೆಂದು ರೊಟ್ಟಿ ಬಡಿದೆ, ಎಳೆ ಬದನೆಕಾಯಿಗೆ ಎಣ್ಣೆಯಲ್ಲಿ ಸದ್ಗತಿ ಕಾಣಿಸಿದೆ. ಹಾಲು ಪಾತ್ರೆಯ ಅಂಚಿಗೇರಿದ ಕ್ಷಣಕ್ಕೆ ಸರಿಯಾಗಿ ಅಂಗಳದಲ್ಲಿ ಪಟಾಕಿಯ ಸರವೊಂದು ಸಿಡಿದು, ನಾನು ಬೆಚ್ಚಿ, ಹಾಲು ಉಕ್ಕಿ, ಶೇಗಡಿ ಚುಸ್ಸೆಂದಿತು. ಇಷ್ಟೆಲ್ಲ ನಡೆದರೂ ಆ ಬೆಳಗಿನಲ್ಲಿ ಒಂದು ಸದ್ದು ಮಾತ್ರ ಇರಲಿಲ್ಲ. ಖರಾಟಾದ ಸದ್ದು. ಆ ವಾರ ಅಂಗಳ ಗುಡಿಸುವ ಪಾಳಿ ನನ್ನದಾಗಿತ್ತು, ಮತ್ತು ಖರಾಟಾ ನನ್ನ ಗಂಡನ ಹಾಸಿಗೆಯ ಕೆಳಗೆ ಮಲಗಿತ್ತು.

ಅದು ಅಲ್ಲಿಗೆ ಹೋದ ಕತೆಯನ್ನು ಹೇಳಬೇಕಾದರೆ ವಾಡೆಯ ಪರಿಚಯ ಮಾಡಿಕೊಡಬೇಕು. ದೊಡ್ಡ ಬಾಗಿಲು, ಒಳಗೆ ಕಲ್ಲುಹಾಸಿನ ಚೌಕ ಅಂಗಳ, ನಡುವೆ ತುಳಸಿಕಟ್ಟೆ. ಬಾಗಿಲಿನ ಎಡಕ್ಕೆ ನಮ್ಮ ಎರಡು ಖೋಲಿಗಳು. ಬಲಕ್ಕೆ ಹಲ್ಲಿನ ಡಾಕ್ಟರಾದ, ಚೀನೀ ಮೂಲದ ಲಿನ್ ಅವರ ಮನೆ. ಅವರ ಮುಂದಿನ ಖೋಲಿಯೇ ದವಾಖಾನೆ, ಓಣಿಯ ಕಡೆಗೆ ತೂಗುಹಾಕಿದ ಹಲಗೆಯ ಮೇಲೆ ಬರೆದ ಬೃಹತ್ ದಂತಪಂಕ್ತಿ ದಾರಿಹೋಕರಿಗೆಲ್ಲ ನಿರ್ವಿಕಾರವಾಗಿ ನಗುತ್ತಿರುತ್ತದೆ. ಮೇಲಿನ ಮಾಳಿಗೆಯಲ್ಲಿ ವಾಡೆಯ ಒಡತಿ ಗೋದಾಕಾಕು ಮತ್ತು ಅವರ ಮಗಳು ಕುಸುಮ. ಕಾಕು ಸೊಲ್ಲಾಪುರದ ಕಡೆಯ ಕನ್ನಡತಿ. ಮರಾಠಿ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾದರೂ ಸಿಟ್ಟಿಗೆ ಮಾತ್ರ ಕನ್ನಡವನ್ನೇ ಬಳಸುತ್ತಾರಾದ್ದರಿಂದ, ಆ ಭಾಷೆ ಬಲ್ಲ ಬಾಡಿಗೆದಾರಳಾದ ನನಗೆ ಅದರ ಸಿಂಹಪಾಲು ದೊರೆಯುತ್ತದೆ. ಅವರ ಮಾಳಿಗೆಯ ಕಿಟಕಿ ನಮ್ಮ ಮಲಗುವ ಖೋಲಿಯ ಕಿಟಕಿಗೆ ಎದುರುಬದುರು. ನಮ್ಮ ಮನೆಯ ಒಗ್ಗರಣೆಗೆ ಸಾಸಿವೆ ಕಡಿಮೆಯಾದರೆ ನನಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಕಾಕುವಿನ ದಿವಂಗತ ಯಜಮಾನರು ಬಾಗಿಲ ಪಕ್ಕದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿಟ್ಟ ಶಾಸನದ ಪ್ರಕಾರ, ಮೂರೂ ಮನೆಗಳು ಸೋಮವಾರದಿಂದ ರವಿವಾರದವರೆಗೆ ಒಂದೊಂದು ವಾರ ಅಂಗಳವನ್ನು ಸೂರ್ಯೋದಯಕ್ಕೆ ಮೊದಲು ಗುಡಿಸತಕ್ಕದ್ದು.

ನನಗೆ ಈ ಶಾಸನ ಎಂದೂ ಭಾರವಾಗಿರಲಿಲ್ಲ. ಗುಡಿಸುವುದು ನನ್ನ ಮಟ್ಟಿಗೆ ಕೆಲಸವೇ ಅಲ್ಲ, ಒಂದು ಬಗೆಯ ವ್ಯಾಧಿ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಆಗ್ನೆಸ್ ಶನಿವಾರದಂದು ಬಿಳಿಯ ಕರವಸ್ತ್ರವನ್ನು ಕಪಾಟಿನ ನೆತ್ತಿಯ ಮೇಲೆ ಆಡಿಸಿ, ಅದನ್ನು ಬೆಳಕಿಗೆ ಹಿಡಿದು, ನ್ಯಾಯಾಧೀಶರು ಸಾಕ್ಷ್ಯವನ್ನು ನೋಡುವಂತೆ ನೋಡುತ್ತಿದ್ದರು. ಆ ಕರವಸ್ತ್ರದ ಭಯದಿಂದ ನನ್ನ ಕೈಗೆ ಒಂದು ಸ್ವತಂತ್ರ ಬುದ್ಧಿ ಬಂದುಬಿಟ್ಟಿತು: ಕಸ ಕಂಡರೆ ಅದು ನನ್ನನ್ನು ಕೇಳುವುದಿಲ್ಲ. ಹತ್ತು ವರ್ಷದವಳಿದ್ದಾಗ ಒಮ್ಮೆ ಕಾನ್ವೆಂಟಿನ ಕಾಲುದಾರಿಯುದ್ದಕ್ಕೂ ಗುಲಾಬಿ ಪಕಳೆಗಳು ಬಿದ್ದಿದ್ದನ್ನು ಕಂಡು, ಯಾರೂ ಹೇಳದಿದ್ದರೂ, ದೂರದ ಚರ್ಚಿನ ಮೆಟ್ಟಿಲಿನ ತನಕ ಚೊಕ್ಕಟವಾಗಿ ಗುಡಿಸಿ ಮುಗಿಸಿ ಬೆನ್ನು ನೆಟ್ಟಗೆ ಮಾಡಿದಾಗ, ಎದುರಿನಿಂದ ಮೇಣದಬತ್ತಿಗಳನ್ನು ಹಿಡಿದು ಮೆರವಣಿಗೆ ಬರುತ್ತಿತ್ತು. ಪಕಳೆಗಳನ್ನು ಹಾಸಿದ್ದು ಆ ಮೆರವಣಿಗೆಗಾಗಿ. ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಬಹುಶಃ ನಾನು ಪಾಠ ಕಲಿಯುತ್ತಿದ್ದೆ. ಅವರು ನಕ್ಕುಬಿಟ್ಟರು, ಪಾಠ ಇಪ್ಪತ್ತು ವರ್ಷ ಮುಂದಕ್ಕೆ ಹೋಯಿತು.

ಹೋಗಿ ಎಲ್ಲಿ ಕಾದು ಕುಳಿತಿತ್ತೆಂದರೆ, ಈ ವಾಡೆಯ ಅಂಗಳದಲ್ಲಿ, ಆ ಗುರುವಾರಕ್ಕೆ ಒಂದು ವರ್ಷ ಹಿಂದಿನ ಮಾಘದಲ್ಲಿ. ನಾವು ಆಗಷ್ಟೇ ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಡಾಕ್ಟರ ಹೆಂಡತಿಯನ್ನು ಓಣಿಯವರೆಲ್ಲ ಲಿನ್‌ಬಾಯಿ ಎನ್ನುತ್ತಿದ್ದರು. ಹುಟ್ಟಿದ್ದು ಕಲಕತ್ತೆಯಲ್ಲಿ, ಮಾತಾಡುವುದು ಹಿಂದಿ, ಕುಂಕುಮವಿಲ್ಲದ ಅಗಲವಾದ ಹಣೆ, ನಕ್ಕರೆ ಕಣ್ಣುಗಳೇ ಇಲ್ಲವಾಗುವಂಥ ನಗು. ಆಗ ಆಕೆ ನಾಲ್ಕು ತಿಂಗಳ ಬಸುರಿ. ಅಂದು ಬೆಳಗಿನ ಜಾವ ಪಟಾಕಿಯ ಸದ್ದು ಕೇಳಿ ಬಾಗಿಲು ತೆರೆದರೆ, ಅಂಗಳದ ತುಂಬ, ವಿಶೇಷವಾಗಿ ಲಿನ್‌ಬಾಯಿಯ ಹೊಸ್ತಿಲ ಮುಂದೆ, ಕೆಂಪು ಕಾಗದದ ಚೂರುಗಳು ಅಂಗುಲ ದಪ್ಪ ಹಾಸಿದ್ದವು. ಅವರ ಹೊಸ ವರ್ಷವೆಂದು ಗೊತ್ತಿತ್ತು. ಪಾಪ, ಬಸುರಿ ಹೆಂಗಸು, ಹಬ್ಬದ ಅಡುಗೆ ಬೇರೆ, ಇದನ್ನೆಲ್ಲ ಬಗ್ಗಿ ಯಾವಾಗ ಬಳಿಯಬೇಕು ಎಂದು ನನ್ನ ಹೃದಯ ಕರಗಿ, ಹೃದಯಕ್ಕಿಂತ ಮೊದಲು ನನ್ನ ಕೈ ಕರಗಿ, ಖರಾಟಾ ಹಿಡಿದು ಒಂದು ಚೂರೂ ಬಿಡದಂತೆ ಗುಡಿಸಿದೆ. ಅವರ ಹೊಸ್ತಿಲಿಗೆ ನೀರು ಹಾಕಿ ತೊಳೆದೆ. ಮೇಲೆ ನಾಲ್ಕೆಳೆಯ ರಂಗೋಲಿಯನ್ನೂ ಬಿಟ್ಟೆ. ಕಾಗದವನ್ನು ಚೆಲ್ಲುವುದೇಕೆಂದು ಬಂಬದ ಒಲೆಗೆ ತುಂಬಿದೆ. ಅಂದು ನನ್ನ ಯಜಮಾನರು ಆ ನೀರಿನಲ್ಲಿ ಸ್ನಾನ ಮಾಡಿ, ನೀರು ಇವತ್ತು ಚೆನ್ನಾಗಿ ಕಾದಿದೆ ಎಂದು ಮೆಚ್ಚಿಕೊಂಡರು.

ಸ್ವಲ್ಪ ಹೊತ್ತಿಗೆ ಲಿನ್‌ಬಾಯಿ ಕೆಂಪು ರೇಶಿಮೆಯ ಹೊಸ ಅಂಗಿ ತೊಟ್ಟು, ತಟ್ಟೆಯಲ್ಲಿ ಎಲೆಸಹಿತವಾದ ಎರಡು ಕಿತ್ತಳೆ ಹಣ್ಣು ಹಿಡಿದು ಬಾಗಿಲು ತೆರೆದಳು. ಹೊಸ್ತಿಲನ್ನು ನೋಡಿದಳು. ರಂಗೋಲಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿ ನಕ್ಕಳು. ಆ ನಗುವಿನಲ್ಲಿ ಕಣ್ಣುಗಳು ಇಲ್ಲವಾಗಲಿಲ್ಲ, ತೆರೆದೇ ಇದ್ದವು. ಸಣ್ಣ ಸಂಗತಿಗಳನ್ನು ಗಮನಿಸುತ್ತೇನೆಂದು ಜಂಬಪಡುವ ನಾನು ಅದನ್ನು ಗಮನಿಸಿಯೂ ಏನೆಂದು ಕೇಳಲಿಲ್ಲ. ವೈಶಾಖದಲ್ಲಿ, ಏಳನೆಯ ತಿಂಗಳಿನಲ್ಲಿ, ಆಕೆಯ ಕೂಸು ಹೋಯಿತು.

ಗುಡಿಸುವುದಕ್ಕೂ ಅದಕ್ಕೂ ಇರುವ ನಂಟನ್ನು ನಾನು ತಿಳಿದದ್ದು ದೀಪಾವಳಿಯಲ್ಲಿ. ಇಲ್ಲಿಯ ಪದ್ಧತಿಯಂತೆ ಲಕ್ಷ್ಮೀಪೂಜೆಯ ಸಂಜೆ ಹೊಸ ಕಸಬರಿಗೆಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದೆ. ನೋಡಲು ಬಂದ ಲಿನ್‌ಬಾಯಿಗೆ, ಇದೇ ನಮ್ಮ ಲಕ್ಷ್ಮಿ, ಇದು ದಾರಿದ್ರ್ಯವನ್ನು ಹೊರಗೆ ಹಾಕುತ್ತದೆ ಎಂದು ವಿವರಿಸಿದೆ. ಆಕೆಗೆ ಬಹಳ ಮೋಜೆನಿಸಿತು. ತಮ್ಮಲ್ಲಿ ಇದಕ್ಕೆ ತಿರುವುಮುರುವು ಎಂದಳು: ಹಬ್ಬಕ್ಕೆ ಮೊದಲಿನ ವಾರವೆಲ್ಲ ಮನೆಯನ್ನು ಗುಡಿಸಿ ತೊಳೆದು, ಹೊಸ ವರ್ಷದ ದಿನ ಮಾತ್ರ ಕಸಬರಿಗೆಗಳನ್ನೆಲ್ಲ ಕಣ್ಣಿಗೆ ಬೀಳದಂತೆ ಅಡಗಿಸಿಡುತ್ತಾರೆ, ಅಂದು ಬಂದ ಭಾಗ್ಯ ಎಳಸು, ಹೊಸ್ತಿಲ ಬಳಿಯೇ ಕೂತಿರುತ್ತದೆ, ಗುಡಿಸಿದರೆ ಕಸದೊಂದಿಗೆ ಅದೂ ಹೊರಗೆ ಹೋಗಿಬಿಡುತ್ತದೆ, ಪಟಾಕಿಯ ಕೆಂಪು ಕಾಗದವನ್ನಂತೂ ಐದನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ನಗುನಗುತ್ತ ಇಷ್ಟು ಹೇಳಿದವಳು ಥಟ್ಟನೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನ್ನ ಬೆರಳಿನ ಕುಂಕುಮ ಕಸಬರಿಗೆಗೆ ಹೋಗದೆ ಅಲ್ಲಿಯೇ ನಿಂತಿತು.

"ತುಮ್ ಕೋ ಕೈಸೇ ಮಾಲೂಮ್ ಹೋಗಾ, ದೀದಿ," ಎಂದಳು. ನಿನಗೆ ಹೇಗೆ ತಿಳಿಯಬೇಕು, ಅಕ್ಕಾ. ಅಪರಾಧಿಯನ್ನು ಬಿಡುಗಡೆ ಮಾಡುವ ಮಾತು ಅದು. ಆದರೆ ಬಿಡುಗಡೆಯಾದವರೆಲ್ಲ ಮನೆಗೆ ಹೋಗಿ ಚೆನ್ನಾಗಿ ನಿದ್ರೆ ಮಾಡುತ್ತಾರೆಂದು ಯಾರು ಹೇಳಿದರು?

ನನ್ನ ಬಗ್ಗೆ ತಪ್ಪು ತಿಳಿಯಬೇಡಿ. ಕಸಬರಿಗೆಯಿಂದ ಗರ್ಭಪಾತವಾಗುತ್ತದೆಂದು ನಾನು ನಂಬುವವಳಲ್ಲ. ಕಾನ್ವೆಂಟಿನಲ್ಲಿ ಕಪ್ಪೆಯ ಹೃದಯದ ಚಿತ್ರ ಬರೆದು ಬಣ್ಣ ತುಂಬಿ ಬಹುಮಾನ ಪಡೆದವಳು. ಲಿನ್‌ಬಾಯಿಯೂ ನಂಬುವುದಿಲ್ಲ; ಆಕೆಯ ಗಂಡ ವೈದ್ಯ, ಹಲ್ಲಿನದಾದರೂ. ಆದರೆ ನಂಬಿಕೆಯಲ್ಲದ ಇನ್ನೊಂದು ಇದೆ. ಕೂಸು ಹೋದ ಮೇಲೆ ಮಧ್ಯಾಹ್ನದ ನೀರವತೆಯಲ್ಲಿ ಒಬ್ಬಳೇ ಕೂತ ಹೆಂಗಸು ಆ ವರ್ಷವನ್ನು ಹಿಂದಕ್ಕೆ ಹಿಂದಕ್ಕೆ ತಡವುತ್ತ ಹೋಗಿ, ಎಲ್ಲಿ ಏನು ತಪ್ಪಿತೆಂದು ಹುಡುಕುತ್ತ, ಕೊನೆಗೆ ವರ್ಷದ ಮೊದಲ ದಿನದ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅಲ್ಲಿ ಆಕೆಗೆ ಕಂಡದ್ದು ಚೊಕ್ಕಟವಾದ ಹೊಸ್ತಿಲು ಮತ್ತು ನನ್ನ ರಂಗೋಲಿ. ಆರು ತಿಂಗಳು ಅದನ್ನು ನೋಡಿಯೂ ಆಕೆ ನನ್ನ ಮನೆಗೆ ಬಂದು ಬಟಾಣಿ ಬಿಡಿಸಿಕೊಟ್ಟಳು, ನನಗೆ ಜ್ವರ ಬಂದಾಗ ಗಂಜಿ ತಂದಳು.

ಆ ದೀಪಾವಳಿಯ ಹೊತ್ತಿಗಾಗಲೇ ಆಕೆ ಮತ್ತೆ ಬಸುರಿಯಾಗಿದ್ದಳು. ಪಂಚಾಂಗವೂ ಹಲಗೆಯ ಶಾಸನವೂ ಸೇರಿ ಲೆಕ್ಕ ಹಾಕಿದಂತೆ ಅವರ ಹೊಸ ವರ್ಷ ನನ್ನ ಪಾಳಿಯ ವಾರದಲ್ಲಿಯೇ ಬಿದ್ದಿತು; ಮತ್ತು ಅದಕ್ಕೆ ಸರಿಯಾಗಿ ಏಳನೆಯ ತಿಂಗಳು ನಡೆದಿತ್ತು.

ಹಬ್ಬಕ್ಕೆ ಮೊದಲಿನ ದಿನಗಳಲ್ಲಿ ಆ ಮನೆಯ ಸಡಗರ ನೋಡುವಂತಿತ್ತು. ಒಲೆಯ ಗೋಡೆಗೆ ಅಂಟಿಸಿದ್ದ ಅಡುಗೆಮನೆಯ ದೇವರ ಪಟಕ್ಕೆ ವರ್ಷದ ಕೊನೆಯಲ್ಲಿ ತುಟಿಗೆ ಜೇನು ಸವರಿ ಬೀಳ್ಕೊಡುತ್ತಾರೆ. ಆತ ಮೇಲೆ ಹೋಗಿ ಮನೆಯವರ ವರ್ತನೆಯ ವರದಿ ಒಪ್ಪಿಸಬೇಕಂತೆ, ಬಾಯಿ ಸಿಹಿಯಾಗಿದ್ದರೆ ವರದಿಯೂ ಸಿಹಿ. ನಮ್ಮ ಅಡುಗೆಮನೆಯಲ್ಲಿ ಅಂಥ ದೇವರಿಲ್ಲದ್ದು ನನ್ನ ಪುಣ್ಯ. ನಾನು ಸೀಸಿದ ರೊಟ್ಟಿಗಳಿಗೆ ಒಂದು ಬಾಟಲಿ ಜೇನು ಸಾಲುತ್ತಿರಲಿಲ್ಲ. ಬಾಗಿಲಿನ ಎರಡೂ ಪಕ್ಕ ಕೆಂಪು ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಶುಭನುಡಿಗಳನ್ನು ಬರೆದು ಹಚ್ಚಿದಾಗ, ಇದು ಇಲೆಕ್ಷನ್ನಿನ ಚೀಟಿಯೇ ಎಂದು ಗೋದಾಕಾಕು ಮಾಳಿಗೆಯಿಂದಲೇ ವಿಚಾರಿಸಿದರು. ದೂರದ ಊರುಗಳಲ್ಲಿರುವ ನೆಂಟರೆಲ್ಲ ವರ್ಷದ ಕೊನೆಯ ಸಂಜೆಯ ಊಟಕ್ಕೆ ಒಂದೇ ಮೇಜಿಗೆ ಬರಬೇಕೆಂಬುದು ಅವರ ಪದ್ಧತಿ. ಬರಲಾಗದವರ ಹೆಸರಿನಲ್ಲಿ ಖಾಲಿ ಬಟ್ಟಲು ಇಡುತ್ತಾರೆ. ನನಗಾಗಿ ಮಾತ್ರ ಆಕೆ ಹೊಸ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ, ಅಕ್ಕಿಹಿಟ್ಟಿನೊಳಗೆ ಬೆಲ್ಲವಿಟ್ಟು ಮೈಗೆಲ್ಲ ಎಳ್ಳು ಮೆತ್ತಿ ಉಂಡೆ ಕರಿದಳು. ಸಂಕ್ರಾಂತಿಯ ಎಳ್ಳು ಬೆಲ್ಲ ನಾನು ಆಕೆಗೆ ಕೊಟ್ಟು ಮೂರು ವಾರವೂ ಆಗಿರಲಿಲ್ಲ. ಅದೇ ಎಳ್ಳು, ಅದೇ ಬೆಲ್ಲ, ಬೇರೆ ಅಂಗಿ ತೊಟ್ಟು ನನ್ನ ಮನೆಗೆ ವಾಪಸು ಬಂದಂತಿತ್ತು.

ಬುಧವಾರ ಸಂಜೆ ಆ ಉಂಡೆಗಳನ್ನು ತಂದವಳು, ಈ ಸಲ ಪಟಾಕಿ ಹಚ್ಚುವುದಿಲ್ಲ ಎಂದಳು. ಮಾರನೆಯ ದಿನ ನಾಲ್ಕು ಗಂಟೆಗೆ ಕುಸುಮಳನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಅಂಗಳ ಹೊಲಸಾದರೆ ಕಾಕುವಿಗೆ ತೊಂದರೆ. ಪಟಾಕಿಯೇ ಇಲ್ಲದಿದ್ದರೆ ಗುಡಿಸುವ ಪ್ರಶ್ನೆಯೂ ಬರದು ಎಂಬುದನ್ನು ಆಕೆ ಹೇಳಲಿಲ್ಲ, ನಾನು ಕೇಳಿಸಿಕೊಂಡೆ. ಹೇಳುತ್ತಿರುವಾಗ ಆಕೆಯ ಒಂದು ಕೈ ಹೊಟ್ಟೆಯ ಮೇಲಿತ್ತು, ತೂಗುವ ತೊಟ್ಟಿಲನ್ನು ಹಿಡಿದು ನಿಲ್ಲಿಸಿದವರ ಕೈಯಂತೆ. ನನಗೆ ಏನಾಯಿತೋ ತಿಳಿಯದು. "ಹಚ್ಚು," ಎಂದೆ. "ಸರ ಉದ್ದವಿರಲಿ. ಪಾಳಿ ನನ್ನದು." ಆಕೆ ಹೋದ ಮೇಲೆ ಅಂಗಳಕ್ಕೆ ಹೋಗಿ, ಮೂಲೆಯಲ್ಲಿ ಒರಗಿದ್ದ ಖರಾಟಾವನ್ನು ಸೆರಗಿನೊಳಗೆ ಸೇರಿಸಿಕೊಂಡು ಒಳಗೆ ತಂದೆ. ಸೆರಗಿಗಿಂತ ಅದು ಎರಡು ಮೊಳ ಉದ್ದ. ಟ್ರಂಕಿನಲ್ಲಿ ಹಿಡಿಸಲಿಲ್ಲ, ಅಕ್ಕಿಯ ಡಬ್ಬದ ಹಿಂದೆ ನಿಲ್ಲಲಿಲ್ಲ; ಕಡೆಗೆ ಗಾದಿಯ ಕೆಳಗೆ ಮಲಗಿಸಿದೆ. ಕದ್ದ ವಸ್ತುವನ್ನು ಅಡಗಿಸುವ ಶಿಕ್ಷಣ ನಮ್ಮ ಕಾನ್ವೆಂಟಿನಲ್ಲಿ ಇರಲಿಲ್ಲ.

"ಏನೋ ಚುಚ್ಚಲಿಕ್ಕತ್ತದಲ್ಲ," ಎಂದರು ಬೆಳಿಗ್ಗೆ ಎದ್ದ ಯಜಮಾನರು ಬೆನ್ನು ತುರಿಸಿಕೊಳ್ಳುತ್ತ.

"ಕಸಬರಿಗಿ," ಎಂದೆ.

ಅವರು ಕಿಟಕಿಯಿಂದ ಕೆಂಪಾದ ಅಂಗಳವನ್ನು ನೋಡಿದರು, ಹಾಸಿಗೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು. "ಕಾಕು ಸುಮ್ಮನ ಬಿಡೂದಿಲ್ಲ ನೋಡು," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಒಂಬತ್ತೂವರೆಗೆ ಕಚೇರಿಗೆ ಹೊರಟಾಗ ಮಾತ್ರ ಒಂದು ವಿಚಿತ್ರ ನಡೆಯಿತು. ಎಂದೂ ಅಂಗಳದಲ್ಲಿ ಸೈಕಲ್ಲನ್ನು ಉರುಳಿಸಿಕೊಂಡು ಹೋಗುವ ಮನುಷ್ಯ, ಅಂದು ಅದನ್ನು ಹೆಗಲಿಗೆ ಹೊತ್ತು, ಕಾಗದವಿಲ್ಲದ ಕಲ್ಲುಗಳನ್ನೇ ಆರಿಸಿ ಹೆಜ್ಜೆಯಿಡುತ್ತ, ಕೊಕ್ಕರೆಯಂತೆ ದಾಟಿ ಹೋದರು. ಹನ್ನೊಂದು ವರ್ಷದ ದಾಂಪತ್ಯದಲ್ಲಿ ನನಗೆ ಬಂದ ಪ್ರೇಮಪತ್ರಗಳಲ್ಲಿ ಅದು ಅತ್ಯಂತ ದೀರ್ಘವಾದದ್ದು.

ಅವರು ಹೋದ ಬೆನ್ನಿಗೆ ಕಾಕು ಇಳಿದು ಬಂದರು.

"ಏನ ಶಾಂತಾ, ಸೂರ್ಯಾ ನೆತ್ತಿಗೆ ಬರಾಕತ್ತಾನ, ಅಂಗಳಾ ಇನ್ನೂ ಹಂಗs ಬಿದ್ದೈತಿ? ಮೈಯಾಗ ಬರೋಬರ್ ಇಲ್ಲೇನ?"

"ಮೈ ಬರೋಬರ್ ಅದ, ಕಾಕು. ಇವತ್ತ ಕಸಾ ಹೊಡಿಯೂದಿಲ್ಲ."

"ಹೊಡಿಯೂದಿಲ್ಲಂದ್ರ? ನಾಲ್ಕಕ್ಕ ಪಾವಣ್ಯಾರು ಬರ್ತಾರ. ನನ್ನ ಮಗಳ್ನ ನೋಡಾಕ ಬಂದೋರು ಮೊದಲ ಈ ತಿಪ್ಪಿ ನೋಡಬೇಕೇನ? ಖರಾಟಾ ಎಲ್ಲೈತಿ, ತಾ ಇಲ್ಲೆ."

"ಗೊತ್ತಿಲ್ಲ," ಎಂದೆ. ಸುಳ್ಳು ಹೇಳುವಾಗ ನನ್ನ ಕಿವಿಗಳು ಕೆಂಪಾಗುತ್ತವೆ. ಆ ದಿನ ಅಂಗಳದ ಬಣ್ಣಕ್ಕೆ ಹೊಂದಿಕೊಂಡಿರಬೇಕು. ಕಾಕು ನನ್ನ ಭುಜದ ಮೇಲಿನಿಂದ ಒಳಗೊಮ್ಮೆ ಇಣುಕಿ, ಮತ್ತೆ ನನ್ನ ಮುಖ ನೋಡಿದರು.

ಅಷ್ಟರಲ್ಲಿ ಎದುರಿನ ಬಾಗಿಲು ತೆರೆದು ಲಿನ್‌ಬಾಯಿ ಹೊರಗೆ ಬಂದಳು. ಕನ್ನಡ ತಿಳಿಯದಿದ್ದರೂ ಕಾಕುವಿನ ಬೆರಳು ತೋರಿಸಿದ್ದು ಯಾವ ಕಡೆಗೆಂದು ತಿಳಿದಿತ್ತು. "ರೆಹನೇ ದೋ ದೀದಿ, ಮೈಂ ಉಠಾ ಲೇತೀ ಹೂಂ," ಇರಲಿ ಅಕ್ಕಾ, ನಾನೇ ಎತ್ತಿಬಿಡುತ್ತೇನೆ ಎನ್ನುತ್ತ, ಆ ಭಾರದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತನ್ನ ಹೊಸ್ತಿಲ ಮುಂದಿನ ಕೆಂಪು ಚೂರುಗಳನ್ನು ತಾನೇ ಹೆಕ್ಕಲು ಬಾಗಿದಳು. ನಾನು ಅಂಗಳ ದಾಟಿ ಹೋಗಿ ಆಕೆಯ ಮುಂಗೈ ಹಿಡಿದೆ. ಜೋರಾಗಿಯೇ ಹಿಡಿದಿರಬೇಕು, ಬಳೆಯ ಗುರುತು ಸಂಜೆಯವರೆಗೂ ಇತ್ತು.

"ಹೋದ ವರ್ಷ ಇದನ್ನ ನಾನs ಹೊಡದಿದ್ದೆ, ಕಾಕು. ಇವರಲ್ಲಿ ಇವತ್ತ ಹೊಡೀಬಾರದು, ಹೊಡದ್ರ ಮನೀ ಭಾಗ್ಯ ಹೋಗ್ತದಂತ. ನನಗ ಗೊತ್ತಿರಲಿಲ್ಲ. ವೈಶಾಖದಾಗ ಏನಾತು ನೀವs ನೋಡೀರಿ."

"ಅಯ್ಯ, ಕಾನ್ವೆಂಟ್ ಕಲ್ತಾಕಿ ಆಡೂ ಮಾತೇನ ಇದು! ಕಸಬರಿಗಿಯಿಂದ ಕೂಸು ಹೋಗ್ತಾವೇನ?"

"ಹೋಗೂದಿಲ್ಲ. ನನಗೂ ಗೊತ್ತದ, ಆಕಿಗೂ ಗೊತ್ತದ. ಆದ್ರೂ ಹೊಡಿಯೂದಿಲ್ಲ."

"ನಾಳಿ ಬ್ಯಾರೆ ಖೋಲಿ ನೋಡ್ಕೊ ಅಂದ್ರ?"

"ನೋಡ್ಕೋತೀವಿ. ಆದ್ರ ಐದು ದಿನ ತಡೀರಿ, ಕಾಕು. ಖೋಲಿ ಬಿಡೂ ಮುಂದ ಕಸಾ ಹೊಡದು ಬಿಡಬೇಕಲ್ಲ."

ಮನಸ್ಸಿನಲ್ಲಿ ಹೇಳಿಕೊಳ್ಳಬೇಕಾದ ಮಾತು ಬಾಯಿಯಿಂದ ಬಂದುಬಿಟ್ಟಿತ್ತು. ಅದು ಅಂಗಳದಲ್ಲಿ ಸ್ವಲ್ಪ ಹೊತ್ತು, ಬೇರೆ ಯಾರದೋ ಮಾತಿನಂತೆ, ನಿಂತಿತು. ಕಾಕು ಮೆಟ್ಟಿಲೇರಿದರು. ಹತ್ತು ನಿಮಿಷಕ್ಕೆ ತಮ್ಮ ದೇವರ ಮನೆಯ ಮೆತ್ತನೆಯ ಕಸಬರಿಗೆ ಹಿಡಿದು ಮತ್ತೆ ಇಳಿದು ಬಂದಾಗ, ನಾನು ಅಂಗಳದ ನಟ್ಟನಡುವೆ, ಕೆಂಪು ಕಾಗದದ ನಡುವಿನ ಒಂದು ಬರಿಗಲ್ಲಿನ ಮೇಲೆ ಮಣೆ ಹಾಕಿಕೊಂಡು, ಮೊರದ ತುಂಬ ಹಸಿ ಬಟಾಣಿ ಇಟ್ಟುಕೊಂಡು ಕೂತಿದ್ದೆ. ದೇಶದಲ್ಲಿ ಸತ್ಯಾಗ್ರಹಗಳು ನಡೆಯುತ್ತಿದ್ದ ಕಾಲದಲ್ಲಿ ನಾನು ಕಾನ್ವೆಂಟಿನ ಗೋಡೆಯೊಳಗೆ ಪಿಯಾನೋ ಕಲಿಯುತ್ತಿದ್ದೆ. ಆ ಬಾಕಿಯನ್ನು ಬಟಾಣಿಯ ಮುಖಾಂತರ ತೀರಿಸುತ್ತಿದ್ದೇನೆ ಎನಿಸಿತು. ಸಿಪ್ಪೆಯನ್ನು ಮಡಿಲಲ್ಲಿಯೇ ಹಾಕಿಕೊಳ್ಳುತ್ತಿದ್ದೆ. ಕಾಕು ಕೆಳಗಿನ ಮೆಟ್ಟಿಲ ಮೇಲೆ ಕಸಬರಿಗೆ ಹಿಡಿದು ಬಹಳ ಹೊತ್ತು ನಿಂತರು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ, ನನ್ನನ್ನು ಬಲ್ಲೆ, ಎದ್ದುಬಿಡುತ್ತಿದ್ದೆ. ಮೂವತ್ತೆರಡು ವರ್ಷ ಹೇಳಿದ್ದನ್ನು ಕೇಳಿದ ಮೊಣಕಾಲುಗಳು ಅಷ್ಟು ಸುಲಭವಾಗಿ ಪಕ್ಷ ಬದಲಿಸುವುದಿಲ್ಲ.

"ಬಟಾಣಿ ಸಿಪ್ಪಿನಾದ್ರೂ ಇಲ್ಲೆ ಒಗೀಬ್ಯಾಡ," ಎಂದು ಹೇಳಿ ಕಾಕು ವಾಪಸು ಹೋದರು.

ಮಧ್ಯಾಹ್ನವಿಡೀ ಕೂತೆ. ಲಿನ್‌ಬಾಯಿ ತನ್ನ ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಕೂತಳು. ನಡುವೆ ಒಮ್ಮೆ ಕಿತ್ತಳೆಯೊಂದನ್ನು ಸುಲಿದು ಅರ್ಧ ನನಗೆ ಎಸೆದಳು. ಕಿತ್ತಳೆಯ ಸುಗ್ಗಿಯಲ್ಲಿ ಮುಳುಗಿಹೋಗುವ ಈ ಊರಿನಲ್ಲಿ ಆ ಹಣ್ಣನ್ನು ಉಡುಗೊರೆಯಾಗಿ ಕೊಡುವವರು ಅವರೊಬ್ಬರೇ ಇರಬೇಕು, ಮತ್ತು ಎಲೆಸಹಿತ ಹಣ್ಣು ಇಷ್ಟು ಸುಲಭವಾಗಿ ಸಿಗುವ ಊರು ಬೇರಿಲ್ಲವೆಂದು ನಾಗಪುರವನ್ನು ಮೆಚ್ಚುವವರೂ ಅವರೊಬ್ಬರೇ. ಆ ಹೊತ್ತಿನಲ್ಲಿ ನನಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತು. ನನ್ನ ಜೀವಮಾನದಲ್ಲಿ ನಾನು ಗುಡಿಸಿದ ಕಸದಲ್ಲಿ ಎಷ್ಟು ಬೇರೆಯವರ ಪಕಳೆಗಳಿದ್ದವೋ, ಯಾರ ಹಬ್ಬಗಳಿದ್ದವೋ ಎಂದು ಲೆಕ್ಕ ಹಾಕಲು ಹೋಗಿ ಸೋತೆ. ಉಪಕಾರಿಗಳಿಗೆ ಒಂದು ದುರಹಂಕಾರವಿರುತ್ತದೆ. ಕೇಳದೆ ಮಾಡುವುದೇ ದೊಡ್ಡ ಗುಣವೆಂದು ನಮಗೆ ಕಲಿಸಿರುತ್ತಾರೆ. ಬಾಗಿಲು ತಟ್ಟಿ, ಇದನ್ನು ತೆಗೆಯಲೇ ಎಂದು ಕೇಳಲು ನನಗೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಕೇಳಿದ್ದರೂ ಕೂಸು ಹೋಗುವುದು ಹೋಗುತ್ತಿತ್ತು. ಆದರೆ ಹುಡುಕುತ್ತ ಬಂದ ಆ ತಾಯಿಗೆ ವರ್ಷದ ಬಾಗಿಲಿನಲ್ಲಿ ಕೆಂಪು ಕಾಗದ ಹಾಗೆಯೇ ಬಿದ್ದಿರುವುದು ಕಾಣುತ್ತಿತ್ತು. ಅಷ್ಟನ್ನು ಆಕೆಯಿಂದ ಕಿತ್ತುಕೊಂಡಿದ್ದೆ. ಈ ಸಲ ಕಿತ್ತುಕೊಳ್ಳುವುದಿಲ್ಲ. ನನ್ನ ಹಟದ ಅರ್ಥ ಇಷ್ಟೇ.

ಮುಂದೆ ಆ ಬಸುರಿನ ಗತಿ ಏನಾಯಿತೆಂದು ನೀವು ಕೇಳಬಹುದು. ಹೇಳುವುದಿಲ್ಲ. ಕೂಸು ಆಡುತ್ತಿದೆ ಎಂದರೆ, ನೋಡಿ ಶಾಸ್ತ್ರ ನಿಜವಾಯಿತು ಎನ್ನುತ್ತೀರಿ. ಇಲ್ಲವೆಂದರೆ, ಪಾಪ ಹುಚ್ಚು ಹೆಂಗಸರು ಎನ್ನುತ್ತೀರಿ. ಎರಡಕ್ಕೂ ಆ ದಿನವನ್ನು ನಾನು ಬಿಟ್ಟುಕೊಡಲಾರೆ.

ನಾಲ್ಕು ಹೊಡೆದ ಮೇಲೆ ಟಾಂಗಾ ಬಂದು ನಿಂತಿತು. ನಾನು ಮಣೆ ಎತ್ತಿಕೊಂಡು ಬಾಗಿಲ ಮರೆಗೆ ಸರಿದೆ. ಸತ್ಯಾಗ್ರಹಿಗಳಿಗೂ ಹೆಣ್ಣು ನೋಡುವ ಕುತೂಹಲ ಇರುತ್ತದೆ. ವರ, ವರನ ತಾಯಿ, ಒಬ್ಬ ಸೋದರಮಾವ. ಕಾಕು ಜರತಾರಿಯ ಪೈಠಣಿ ಸೀರೆ ಉಟ್ಟು ಧಾವಿಸಿ ಇಳಿದರು. ಆ ತಾಯಿ ದೊಡ್ಡ ಬಾಗಿಲು ದಾಟಿದವರೇ ನಿಂತು, ಕೆಳಗೆ ನೋಡಿ, ಇಲ್ಲೇನು ಮದುವೆ ನಡೆಯಿತೇ ಎಂದು ಮರಾಠಿಯಲ್ಲಿ ಕೇಳಿದರು. ಆ ಒಂದು ಕ್ಷಣದಲ್ಲಿ ಕಾಕು ಬೇಕಾದರೆ ಹೊಸ ಖೋಲಿ ಹುಡುಕುವ ಕೆಲಸಕ್ಕೆ ನನ್ನನ್ನು ಅಲ್ಲಿಂದಲೇ ಕಳಿಸಬಹುದಿತ್ತು.

"ಇಲ್ಲ, ನಮ್ಮ ಬಾಜೂದವರ ಹಬ್ಬ," ಎಂದು ಕಾಕು ಅದೇ ಮರಾಠಿಯಲ್ಲಿ, ನಲ್ಲಿಗೆ ನೀರು ಬಂದಿದೆ ಎನ್ನುವಷ್ಟು ಸಹಜವಾಗಿ ಹೇಳಿ, "ಮೆಟ್ಟಿಲು ಕಡಿದಾಗಿವೆ, ಜೋಪಾನ," ಎಂದು ಮೇಲೆ ಕರೆದೊಯ್ದರು. ಸೋದರಮಾವನ ಬೂಟಿಗೆ ಒಂದು ಕೆಂಪು ಚೂರು ಅಂಟಿಕೊಂಡು ಮಾಳಿಗೆ ಸೇರಿತು. ಮೇಲಿನಿಂದ ಅವಲಕ್ಕಿಯ ತಟ್ಟೆಗಳ ಸದ್ದು, ಕುಸುಮ ಹಾಡಿದ ಅರ್ಧ ಭಜನೆ, ನಿಂಬೆಹಣ್ಣು ಸಾಲದೆಂಬ ವರನ ತಾಯಿಯ ಮಾತು ಕೇಳಿಸಿದವು. ಪತ್ರ ಬರೆಯುತ್ತೇವೆ ಎಂದು ಹೇಳಿ ಹೋದರು.

ದೀಪ ಹಚ್ಚುವ ಹೊತ್ತಿಗೆ ಕಾಕು ತುಳಸಿಕಟ್ಟೆಗೆ ಬಂದರು. ಪೈಠಣಿ ಬಿಚ್ಚಿಟ್ಟು ಎಂದಿನ ಹತ್ತಿಯ ಸೀರೆ. ಲಿನ್‌ಬಾಯಿ ಎಲೆಸಹಿತವಾದ ಎರಡು ಕಿತ್ತಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಆ ಮನೆಯ ನೀರನ್ನೂ ಮುಟ್ಟದ ಕಾಕು, ಹಣ್ಣಿಗೆ ದೋಷವಿಲ್ಲವೆಂಬ ಧೈರ್ಯದಿಂದಲೋ ಏನೋ, ತೆಗೆದುಕೊಂಡು ಒಂದನ್ನು ತುಳಸಿಯ ಮುಂದಿಟ್ಟರು, ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿದರು. ಬೆಳಗಿನಿಂದ ಕರಕರ ಎನ್ನದ ಅಂಗಳ ಆ ಮಬ್ಬಿನಲ್ಲಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಬತ್ತಿ ಚಿಟಚಿಟಿಸಿದ್ದು ಕೇಳಿಸಿತು. ಖೋಲಿಯ ಮಾತು ಈಗ ಬರುತ್ತದೆಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕಾಕು ಗಾಳಿಗೆ ಕೈ ಅಡ್ಡ ಹಿಡಿದು ದೀಪವನ್ನು ನಿಲ್ಲಿಸಿ, ಕೆಂಪು ಕಾಗದವನ್ನು ತುಳಿಯದಂತೆ ಸೀರೆಯ ನಿರಿಗೆ ಎತ್ತಿ ಮೆಟ್ಟಿಲೇರುತ್ತ, ನನ್ನ ಕಡೆ ತಿರುಗದೆಯೇ ಹೇಳಿದರು:

"ಶಾಂತಾ, ಖರಾಟಾದ ತುದಿ ಗಾದಿ ಹೊರಗ ಚಾಚೈತಿ, ಮುಂಜಾನೆ ನನ್ನ ಖಿಡಕಿಗೇ ಕಂಡಿತ್ತು. ಪಾಪ, ಅವರ ಬೆನ್ನಿಗೆ ಚುಚ್ತೈತಿ. ಮ್ಯಾಲ ಕೊಟ್ಟ ಬಿಡು, ನನ್ನ ಅಟ್ಟದಾಗ ಜಾಗಾ ಐತಿ. ಸೋಮವಾರ ನನ್ನ ಪಾಳಿ ಬಂದಾಗ ಇಳಿಸಿಕೊಂಡ್ರಾತು."